ಮಲ್ ದ್ವೀಪದಲ್ಲಿ ಒಂದು ವಾರ: ಹಡಗಿನ ಟಿಕೆಟ್ಟಿನಿಂದ ಶುರುಮಾಡುವ ಪ್ರವಾಸ ಯೋಜನೆ

ಸ್ಕಾಟ್ಲೆಂಡಿನ ದ್ವೀಪ ಎಂದೊಡನೆ ಹೆಚ್ಚಿನವರ ಬಾಯಲ್ಲಿ ಬರುವ ಹೆಸರು ಸ್ಕೈ. ಅಲ್ಲಿಗೆ ಸೇತುವೆ ಇದೆ, ಹಾಗಾಗಿ ಜನಜಂಗುಳಿಯೂ ಇದೆ. ಅದರ ದಕ್ಷಿಣಕ್ಕಿರುವ ಮಲ್ ದ್ವೀಪಕ್ಕೆ ಸೇತುವೆ ಇಲ್ಲ. ಕಾರನ್ನು ಹಡಗಿಗೆ ಹತ್ತಿಸಿಯೇ ಹೋಗಬೇಕು. ಸುಮಾರು 875 ಚದರ ಕಿಲೋಮೀಟರ್ ವಿಸ್ತಾರದ ಈ ದ್ವೀಪದಲ್ಲಿರುವವರು ಮೂರು ಸಾವಿರದಷ್ಟು ಜನ. ಅಂಗಡಿ, ಪೆಟ್ರೋಲ್ ಬಂಕ್, ಊಟದ ಮನೆ ಎಲ್ಲವೂ ಆ ಮೂರು ಸಾವಿರಕ್ಕೆ ತಕ್ಕಷ್ಟೇ. ಬೇಸಿಗೆಯಲ್ಲಿ ಬರುವ ಪ್ರವಾಸಿಗರಿಗಾಗಿ ಅವು ಹಿಗ್ಗುವುದಿಲ್ಲ.

ಮಲ್ ಯೋಜನೆ ಕೆಡುವುದು ಸಾಮಾನ್ಯವಾಗಿ ಎರಡು ಕಾರಣಕ್ಕೆ. ಒಂದು, ಮನೆ ಕಾದಿರಿಸಿ ಹಡಗನ್ನು ಮರೆಯುವುದು. ಇನ್ನೊಂದು, ನಕ್ಷೆಯ ಮೈಲಿಗಳನ್ನು ನಂಬಿ ದಿನಕ್ಕೆ ಮೂರು ಜಾಗ ತುರುಕುವುದು. ಈ ಎರಡನ್ನು ಸರಿಮಾಡಿಕೊಂಡರೆ ಉಳಿದದ್ದು ಮಳೆಯ ಮರ್ಜಿ.

ಮೊದಲು ನಕ್ಷೆ, ಆಮೇಲೆ ಗಡಿಯಾರ

ದ್ವೀಪದ ಮುಖ್ಯ ಬಂದರು ಪೂರ್ವ ದಡದ ಕ್ರೇಗ್‌ನ್ಯೂರ್. ಎದುರಿನ ನೆಲದಲ್ಲಿರುವ ಓಬನ್ ಪಟ್ಟಣದಿಂದ ದೊಡ್ಡ ಹಡಗು ಬಂದು ನಿಲ್ಲುವುದು ಇಲ್ಲಿಗೆ. ಉತ್ತರದ ತುದಿಯಲ್ಲಿ ಬಣ್ಣಬಣ್ಣದ ಮನೆಗಳ ಟೋಬರ್‌ಮೋರಿ ಇದೆ, ದ್ವೀಪದಲ್ಲಿ ಊರು ಎನ್ನಿಸಿಕೊಳ್ಳುವಂಥದ್ದು ಅದೊಂದೇ. ನೈಋತ್ಯದ ತುದಿಯ ಫಿನಫರ್ಟ್‌ನಿಂದ ಐಯೋನಾ ದ್ವೀಪಕ್ಕೆ ದೋಣಿ. ನಡುವೆ, ಟೋಬರ್‌ಮೋರಿಗೂ ಕ್ರೇಗ್‌ನ್ಯೂರ್‌ಗೂ ಸರಿಸುಮಾರು ಮಧ್ಯದಲ್ಲಿ, ಸಾಲೆನ್ ಹಳ್ಳಿ.

ಬ್ರಿಟನ್ನಿನ ರಸ್ತೆ ಫಲಕಗಳೆಲ್ಲ ಮೈಲಿಯಲ್ಲಿರುತ್ತವೆ (ಒಂದು ಮೈಲಿ ಎಂದರೆ 1.6 ಕಿ.ಮೀ.). ಕ್ರೇಗ್‌ನ್ಯೂರ್‌ನಿಂದ ಟೋಬರ್‌ಮೋರಿಗೆ 21 ಮೈಲಿ, 45 ನಿಮಿಷ. ಕ್ರೇಗ್‌ನ್ಯೂರ್‌ನಿಂದ ಫಿನಫರ್ಟ್‌ಗೆ 37 ಮೈಲಿ, ಒಂದೂಕಾಲು ಗಂಟೆಗೆ ಕಡಿಮೆಯಿಲ್ಲ. ಅಂದರೆ ಟೋಬರ್‌ಮೋರಿಯಲ್ಲಿ ತಂಗಿ ಐಯೋನಾ ನೋಡಿ ಬರುವುದೆಂದರೆ ಹೋಗಲು ಎರಡು ಗಂಟೆ, ಬರಲು ಎರಡು ಗಂಟೆ, ಅದೂ ಬಹುಪಾಲು ಒಂದೇ ವಾಹನ ಹಿಡಿಯುವ ಅಗಲದ ರಸ್ತೆಯಲ್ಲಿ. ವಾರದಲ್ಲಿ ಒಮ್ಮೆಯಾದರೆ ಪರವಾಗಿಲ್ಲ. ಎರಡನೆಯ ಸಲಕ್ಕೆ ಹಿಂದಿನ ಸೀಟಿನವರು ತಿರುಗಿಬೀಳುತ್ತಾರೆ.

ಯಾವ ತಿಂಗಳು

ಮೇ ತಿಂಗಳು ಮತ್ತು ಜೂನ್ ಮೊದಲ ಎರಡು ವಾರ. ಬೇರೆ ತಿಂಗಳುಗಳಿಗೆ ಹೋಲಿಸಿದರೆ ಮಳೆ ಕಡಿಮೆ, ಪಫಿನ್ ಹಕ್ಕಿಗಳು ಗೂಡಿನಲ್ಲಿರುತ್ತವೆ, ನುಸಿಕಾಟ ಇನ್ನೂ ಏರಿರುವುದಿಲ್ಲ, ರಾತ್ರಿ ಹತ್ತರವರೆಗೆ ಬೆಳಕು. ಜೂನ್ ಕೊನೆಗೆ ಸೂರ್ಯ ಬೆಳಗಿನ ನಾಲ್ಕೂವರೆಗೇ ಹುಟ್ಟುತ್ತಾನೆ. ಕಿಟಕಿಗೆ ದಪ್ಪ ಪರದೆ ಇದೆಯೇ ಎಂದು ಮನೆಯವರನ್ನು ಕೇಳಿ, ಮಕ್ಕಳಿದ್ದರಂತೂ ಖಂಡಿತ ಕೇಳಿ.

ಜುಲೈ, ಆಗಸ್ಟ್ ಎಂದರೆ ಶಾಲಾ ರಜೆ. ದರ, ಜನ, ನುಸಿ ಮೂರೂ ಶಿಖರದಲ್ಲಿ. ಇಷ್ಟಾದರೂ ಮಧ್ಯಾಹ್ನದ ತಾಪಮಾನ 16, 17 ಡಿಗ್ರಿ ಅಷ್ಟೆ. ಪಫಿನ್‌ಗಳು ಆಗಸ್ಟ್ ಮೊದಲ ವಾರದೊಳಗೆ ಸಮುದ್ರಕ್ಕೆ ಹಾರಿಹೋಗುತ್ತವೆ. ಆಗಸ್ಟ್ 15ರ ಸುಮಾರಿಗೆ ಹೋಗಿ ಹಕ್ಕಿ ಹುಡುಕಿದರೆ ಸಿಗುವುದು ಬರೀ ಬಿಲ. ಸೆಪ್ಟೆಂಬರ್ ಎರಡನೆಯ ಒಳ್ಳೆಯ ಆಯ್ಕೆ. ಅಕ್ಟೋಬರ್‌ನಲ್ಲಿ ಕಾರ್ ರ‍್ಯಾಲಿಯ ವಾರಾಂತ್ಯವೊಂದಿರುತ್ತದೆ. ಆಗ ರಸ್ತೆಗಳನ್ನು ಮುಚ್ಚುತ್ತಾರೆ, ಮನೆಗಳು ವರ್ಷ ಮೊದಲೇ ಹೋಗಿರುತ್ತವೆ. ದಿನಾಂಕ ನೋಡಿ ತಪ್ಪಿಸಿಕೊಳ್ಳಿ. ನವೆಂಬರ್‌ನಿಂದ ಮಾರ್ಚ್‌ವರೆಗೆ ಬಹುತೇಕ ದೋಣಿ ಪ್ರವಾಸಗಳು ಇರುವುದಿಲ್ಲ, ಡಿಸೆಂಬರ್‌ನಲ್ಲಿ ಮಧ್ಯಾಹ್ನ ನಾಲ್ಕಕ್ಕೆಲ್ಲ ಕತ್ತಲು.

ಎಲ್ಲಿ ತಂಗುವುದು

ಅಡುಗೆಮನೆ ಇರುವ ಬಾಡಿಗೆ ಮನೆಗಳು ಬೇಸಿಗೆಯಲ್ಲಿ ಹೆಚ್ಚಾಗಿ ಶನಿವಾರದಿಂದ ಶನಿವಾರಕ್ಕೆ, ಇಡೀ ವಾರಕ್ಕೇ ಸಿಗುತ್ತವೆ. ಆದ್ದರಿಂದ ಒಂದೇ ಜಾಗ ಆರಿಸಬೇಕು. ಮೊದಲ ಸಲಕ್ಕೆ ಸಾಲೆನ್ ಸುತ್ತಮುತ್ತಲಿನ ಮನೆ ಸರಿ. ಉತ್ತರಕ್ಕೂ ಪಶ್ಚಿಮಕ್ಕೂ ಹಡಗುಕಟ್ಟೆಗೂ ಹತ್ತಿರ, ಐಯೋನಾ ಮಾತ್ರ ದೂರ. ಸಂಜೆ ಹೊತ್ತು ನಾಲ್ಕು ಹೆಜ್ಜೆ ನಡೆದು ಊಟಕ್ಕೆ ಹೋಗುವಂತಿರಬೇಕು ಎನ್ನುವವರಿಗೆ ಟೋಬರ್‌ಮೋರಿ. ಮರಳದಂಡೆ, ಮೌನ, ಐಯೋನಾ ಇಷ್ಟೇ ಸಾಕು ಎನ್ನುವವರಿಗೆ ನೈಋತ್ಯದ ಬನೆಸನ್ ಹಳ್ಳಿ ಅಥವಾ ಫಿನಫರ್ಟ್. ಹೋಟೆಲ್ ಅಥವಾ ಬೆಡ್ ಅಂಡ್ ಬ್ರೇಕ್‌ಫಾಸ್ಟ್‌ನಲ್ಲಿ ಇರುವವರಾದರೆ ಉತ್ತರದಲ್ಲಿ ನಾಲ್ಕು ರಾತ್ರಿ, ನೈಋತ್ಯದಲ್ಲಿ ಮೂರು ರಾತ್ರಿ ಎಂದು ಒಡೆದುಕೊಳ್ಳುವುದು ಎಲ್ಲಕ್ಕಿಂತ ಜಾಣತನ.

ಮನೆಯ ಜಾಹೀರಾತಿನಲ್ಲಿ ಅಲ್ಪಾವಧಿ ಬಾಡಿಗೆಯ ಲೈಸೆನ್ಸ್ ಸಂಖ್ಯೆ ಇದೆಯೇ ನೋಡಿ. ಸ್ಕಾಟ್ಲೆಂಡಿನಲ್ಲಿ ಈಗ ಅದು ಕಡ್ಡಾಯ. ಕೇಳಬೇಕಾದ ಇನ್ನೂ ಮೂರು ಪ್ರಶ್ನೆಗಳಿವೆ. ಮನೆಗೆ ಹೋಗುವ ಕೊನೆಯ ದಾರಿ ಡಾಂಬರೋ ಮಣ್ಣೋ? ನೀರು ಕೊಳಾಯಿಯದೋ, ತೊರೆಯದೋ? ಬಟ್ಟೆ ಒಣಗಿಸಲು ವ್ಯವಸ್ಥೆ ಇದೆಯೋ? ಮೂರನೆಯದರ ಬೆಲೆ ಎರಡನೆಯ ದಿನದ ಸಂಜೆಗೇ ಗೊತ್ತಾಗುತ್ತದೆ.

ಕಾದಿರಿಸುವ ಕ್ರಮ

1. ಮನೆಯನ್ನು ಆರಿಸಿ, ಆದರೆ ದುಡ್ಡು ಕಟ್ಟುವ ಮೊದಲು ಅದೇ ಶನಿವಾರ ಹಡಗಿನಲ್ಲಿ ಕಾರಿಗೆ ಜಾಗ ಇದೆಯೇ ನೋಡಿ. ಎಲ್ಲರ ಮನೆಯೂ ಶನಿವಾರ ಬದಲಾಗುವುದರಿಂದ ಶನಿವಾರದ ಹಡಗು ಎಲ್ಲಕ್ಕಿಂತ ಮೊದಲು ತುಂಬುತ್ತದೆ. ಎರಡೂ ಇದ್ದರೆ ಒಂದೇ ದಿನ ಎರಡನ್ನೂ ಮುಗಿಸಿ. ಆ ಋತುವಿನ ಹಡಗು ಬುಕಿಂಗ್ ಇನ್ನೂ ತೆರೆದಿಲ್ಲದಿದ್ದರೆ, ತೆರೆಯುವ ದಿನವನ್ನು ಕ್ಯಾಲೆಂಡರಿನಲ್ಲಿ ಗುರುತು ಹಾಕಿಕೊಂಡು ಆ ಬೆಳಿಗ್ಗೆಯೇ ಕೂರಿ.

2. ಹಡಗು ನಡೆಸುವ ಸಂಸ್ಥೆ ಕ್ಯಾಲ್‌ಮ್ಯಾಕ್. ಓಬನ್‌ನಿಂದ ಕ್ರೇಗ್‌ನ್ಯೂರ್‌ಗೆ ಸುಮಾರು 50 ನಿಮಿಷ. ಕಾರಿಗೆ ಬೇರೆ ಟಿಕೆಟ್, ಒಳಗಿರುವ ಪ್ರತಿಯೊಬ್ಬರಿಗೆ (ಚಾಲಕನಿಗೂ) ಬೇರೆ ಟಿಕೆಟ್. ಇಲ್ಲಿ ಲೆಕ್ಕ ತಪ್ಪುವವರು ಬಹಳ. ಕಾರಿನ ಉದ್ದ, ಎತ್ತರ ಹೇಳಬೇಕು. ತಲೆಯ ಮೇಲಿನ ಪೆಟ್ಟಿಗೆ, ಹಿಂದಿನ ಸೈಕಲ್ ಸ್ಟ್ಯಾಂಡ್ ಕೂಡ ಲೆಕ್ಕಕ್ಕೆ ಬರುತ್ತವೆ. ಹೊರಡುವ ಸಮಯಕ್ಕೆ ಕನಿಷ್ಠ 30 ನಿಮಿಷ ಮುಂಚೆ ಕಾರು ಸಾಲಿನಲ್ಲಿರಬೇಕು. ತಡವಾದರೆ ನಿಮ್ಮ ಜಾಗ ಕಾಯುತ್ತಾ ನಿಂತ ಇನ್ನೊಬ್ಬರಿಗೆ ಹೋಗುತ್ತದೆ.

3. ವಾಪಸಾತಿಯನ್ನು ಆಗಲೇ ಕಾದಿರಿಸಿ. ಹೋಗುವ ಟಿಕೆಟ್ ಸಿಕ್ಕ ಖುಷಿಯಲ್ಲಿ ಇದನ್ನು ಮರೆಯುವವರಿದ್ದಾರೆ.

4. ಮನೆ, ಹಡಗು ಆದ ಮೇಲೆ ಬಾಡಿಗೆ ಕಾರು. ಅದಾದ ಮೇಲೆ ಪಕ್ಕದ ಸ್ಟ್ಯಾಫಾ ದ್ವೀಪ ನೋಡಲು ಹೋಗುವ ದೋಣಿ. ಕೊನೆಗೆ ವಾರದ ಒಂದೆರಡು ಸಂಜೆಯ ಊಟದ ಮೇಜು. ಹೋಟೆಲ್‌ಗಳ ಅಡುಗೆಮನೆಗಳು ಎಂಟು ಗಂಟೆಗೆಲ್ಲ ಮುಚ್ಚುತ್ತವೆ. ಹೇಳದೆ ಹೋಗಿ ನಿಂತರೆ ಜೂನ್ ತಿಂಗಳಲ್ಲಿ ಜಾಗ ಸಿಗುವುದು ಅದೃಷ್ಟ.

ಓಬನ್ ಹಡಗು ಸಿಗದೇ ಹೋದರೆ ಎದೆಗುಂದಬೇಕಿಲ್ಲ. ಮಾರ್ವರ್ನ್ ಪರ್ಯಾಯದ್ವೀಪದ ಲೊಖಾಲಿನ್‌ನಿಂದ ಫಿಶ್ನಿಶ್‌ಗೆ 18 ನಿಮಿಷದ ಚಿಕ್ಕ ಹಡಗಿದೆ. ಅದಕ್ಕೆ ಮುಂಗಡ ಬುಕಿಂಗ್ ಇಲ್ಲ, ಮೊದಲು ಬಂದವರು ಮೊದಲು ಹತ್ತುತ್ತಾರೆ. ಆದರೆ ಲೊಖಾಲಿನ್ ಮುಟ್ಟಲು ಕಾರನ್ ಎಂಬಲ್ಲಿ ಇನ್ನೊಂದು ಐದು ನಿಮಿಷದ ಕಡವು ದಾಟಿ, ಅಲ್ಲಿಂದ ಸುಮಾರು ಒಂದು ಗಂಟೆ ಇಕ್ಕಟ್ಟು ರಸ್ತೆಯಲ್ಲಿ ಓಡಿಸಬೇಕು. ಕಾರನ್ ಕಡವು ಕೆಟ್ಟು ನಿಂತರೆ ಮಲೆ ಬಳಸಿಕೊಂಡು ದೊಡ್ಡ ಸುತ್ತು. ಹೊರಡುವ ಬೆಳಿಗ್ಗೆ ಅದರ ಸ್ಥಿತಿ ನೋಡಿಕೊಂಡೇ ಗಾಡಿ ತೆಗೆಯಿರಿ.

ಕಾರೇ ಬೇಡ ಎನ್ನುವವರೂ ಬರಬಹುದು. ಗ್ಲಾಸ್ಗೋದ ಕ್ವೀನ್ ಸ್ಟ್ರೀಟ್ ನಿಲ್ದಾಣದಿಂದ ಓಬನ್‌ಗೆ ರೈಲು ಮೂರು ಗಂಟೆಯ ಮೇಲೆ ಸ್ವಲ್ಪ. ಎಚ್ಚರ: ಹಲವು ರೈಲುಗಳು ಕ್ರಿಯನ್‌ಲಾರಿಕ್‌ನಲ್ಲಿ ಎರಡಾಗಿ ಒಡೆದು ಒಂದು ಭಾಗ ಓಬನ್‌ಗೆ, ಇನ್ನೊಂದು ಫೋರ್ಟ್ ವಿಲಿಯಂ ಕಡೆಗೆ ಹೋಗುತ್ತದೆ. ಯಾವ ಬೋಗಿಯಲ್ಲಿದ್ದೀರಿ ಎಂದು ಹತ್ತುವಾಗಲೇ ಕೇಳಿ. ಕಾಲ್ನಡಿಗೆಯ ಪ್ರಯಾಣಿಕರಿಗೆ ಹಡಗಿನಲ್ಲಿ ಜಾಗದ ಚಿಂತೆ ಕಡಿಮೆ. ಕ್ರೇಗ್‌ನ್ಯೂರ್‌ನಿಂದ ಟೋಬರ್‌ಮೋರಿಗೂ ಫಿನಫರ್ಟ್‌ಗೂ ಹಡಗಿನ ವೇಳೆಗೆ ಹೊಂದಿಸಿದ ಬಸ್ಸುಗಳಿವೆ, ಭಾನುವಾರ ಮಾತ್ರ ಕಡಿಮೆ.

ಭಾರತದಿಂದ ಬರುವವರಿಗೆ: ವೀಸಾ, ಲೈಸೆನ್ಸ್, ಕಾರು

ಭಾರತದ ಪಾಸ್‌ಪೋರ್ಟ್ ಇದ್ದವರಿಗೆ ಸ್ಟ್ಯಾಂಡರ್ಡ್ ವಿಸಿಟರ್ ವೀಸಾ ಬೇಕು. ಪ್ರಯಾಣಕ್ಕೆ ಮೂರು ತಿಂಗಳಿಗಿಂತ ಮುಂಚೆ ಅರ್ಜಿ ಹಾಕಲು ಬರುವುದಿಲ್ಲ, ತೀರ್ಮಾನಕ್ಕೆ ಸಾಮಾನ್ಯವಾಗಿ ಮೂರು ವಾರ. ಬೆರಳಚ್ಚು, ಫೋಟೋ ಬೆಂಗಳೂರಿನ ವಿಎಫ್‌ಎಸ್ ಕೇಂದ್ರದಲ್ಲೇ ಕೊಡಬಹುದು. ಇಕ್ಕಟ್ಟು ಎಲ್ಲಿದೆ ನೋಡಿ: ಮಲ್‌ನ ಮನೆ, ಹಡಗು ಆರೇಳು ತಿಂಗಳ ಮೊದಲೇ ಹೋಗುತ್ತವೆ, ವೀಸಾ ಬರುವುದು ಆಮೇಲೆ. ಹಾಗಾಗಿ ರದ್ದು ಮಾಡಿದರೆ ಹಣ ವಾಪಸ್ ಬರುವ ಮನೆಯನ್ನೇ ಹುಡುಕಿ, ಹಡಗಿನ ಟಿಕೆಟ್ಟಿನ ರದ್ದತಿ ನಿಯಮವನ್ನು ಬರೆದಿಟ್ಟುಕೊಳ್ಳಿ. ವಿಮಾನದ ಟಿಕೆಟ್ ಕೊನೆಗೆ.

ನಮ್ಮ ಡ್ರೈವಿಂಗ್ ಲೈಸೆನ್ಸ್ ಬ್ರಿಟನ್ನಿನಲ್ಲಿ ಪ್ರವಾಸಿಗರಿಗೆ 12 ತಿಂಗಳವರೆಗೆ ನಡೆಯುತ್ತದೆ. ಬಾಡಿಗೆ ಕಂಪನಿಗಳು ಲೈಸೆನ್ಸ್ ಪಡೆದು ಒಂದೆರಡು ವರ್ಷ ಆಗಿರಬೇಕು ಎನ್ನಬಹುದು. ಠೇವಣಿಗೆ ಚಾಲಕನ ಹೆಸರಿನದೇ ಕ್ರೆಡಿಟ್ ಕಾರ್ಡ್ ಕೇಳುತ್ತವೆ. ಹೆಂಡತಿಯ ಕಾರ್ಡು, ಗಂಡನ ಸ್ಟಿಯರಿಂಗು ಎಂದರೆ ಕೌಂಟರಿನಲ್ಲೇ ತಕರಾರು. ಗಾಡಿ ಓಡುವುದು ನಮ್ಮಲ್ಲಿಯಂತೆ ಎಡಗಡೆಯೇ. ಆಟೊಮ್ಯಾಟಿಕ್ ಬೇಕಿದ್ದರೆ ಹಾಗೆಂದೇ ಬುಕ್ ಮಾಡಿ. ಗಾತ್ರದಲ್ಲಿ ಚಿಕ್ಕದನ್ನೇ ಆರಿಸಿ. ಈ ರಸ್ತೆಗಳಲ್ಲಿ ದೊಡ್ಡ ಎಸ್‌ಯುವಿ ದೌಲತ್ತಲ್ಲ, ಹೊರೆ. ವಿಮೆಯಲ್ಲಿ ಟಯರು, ಗಾಜು, ಕಾರಿನ ತಳಭಾಗ ಸೇರಿವೆಯೇ ನೋಡಿ. ಮಲ್‌ನಲ್ಲಿ ಪೆಟ್ಟಾಗುವುದು ಆ ಮೂರಕ್ಕೇ.

ಗ್ಲಾಸ್ಗೋ ವಿಮಾನ ನಿಲ್ದಾಣದಿಂದ ಓಬನ್‌ಗೆ ಲಾಖ್ ಲೋಮಂಡ್ ಸರೋವರದ ದಂಡೆಯಿಂದ ಹೋದರೆ ಎರಡೂವರೆ ಗಂಟೆ. ಹಿಂದಿನ ರಾತ್ರಿ ವಿಮಾನದಲ್ಲಿ ಕಳೆದವರು ಅದೇ ದಿನ ಹಡಗು ಹಿಡಿಯುವ ಸಾಹಸ ಬೇಡ. ಗ್ಲಾಸ್ಗೋದಲ್ಲೋ ಓಬನ್‌ನಲ್ಲೋ ಒಂದು ರಾತ್ರಿ ಮಲಗಿ.

ಒಂಟಿ ಗಾಡಿಯ ರಸ್ತೆ

ಕ್ರೇಗ್‌ನ್ಯೂರ್, ಸಾಲೆನ್ ನಡುವೆ ಸ್ವಲ್ಪ ದೂರ ಎರಡು ಸಾಲಿನ ರಸ್ತೆ ಇದೆ, ಉಳಿದಂತೆ ದ್ವೀಪವೆಲ್ಲ ಒಂಟಿ ಗಾಡಿಯ ದಾರಿ. ಅಲ್ಲಲ್ಲಿ ರಸ್ತೆ ಉಬ್ಬಿದಂತೆ ಅಗಲವಾಗಿರುತ್ತದೆ, ಪಕ್ಕದಲ್ಲಿ 'ಪ್ಯಾಸಿಂಗ್ ಪ್ಲೇಸ್' ಎಂಬ ಫಲಕ. ಘಾಟಿಯಲ್ಲಿ ಬಸ್ಸಿಗೆ ದಾರಿ ಬಿಟ್ಟು ಅಭ್ಯಾಸವಿರುವವರಿಗೂ ಇಲ್ಲಿಯ ನಿಯಮ ಬೇರೆ, ಕಲಿತೇ ಹೋಗಬೇಕು.

ಎದುರಿನಿಂದ ಗಾಡಿ ಬಂದಾಗ ಆ ಜಾಗ ನಿಮ್ಮ ಎಡಕ್ಕಿದ್ದರೆ ಒಳಗೆ ಸರಿದು ನಿಲ್ಲಿ. ಬಲಕ್ಕಿದ್ದರೆ ಯಾವ ಕಾರಣಕ್ಕೂ ಬಲಕ್ಕೆ ದಾಟಬೇಡಿ. ನಿಮ್ಮ ಎಡದಲ್ಲೇ, ಅದಕ್ಕೆ ನೇರ ಎದುರಾಗಿ ನಿಂತರೆ ಬರುವವರು ಅದರೊಳಗೆ ಹೊಕ್ಕು ನಿಮ್ಮನ್ನು ಬಳಸಿ ಹೋಗುತ್ತಾರೆ. ಇಬ್ಬರೂ ನಡುವೆ ಸಿಕ್ಕಿಕೊಂಡರೆ ಜಾಗಕ್ಕೆ ಹತ್ತಿರ ಇರುವವರು ರಿವರ್ಸ್ ತೆಗೆಯಬೇಕು. ಏರು ಹತ್ತಿ ಬರುವವರಿಗೆ ಸಾಧ್ಯವಾದಲ್ಲೆಲ್ಲ ದಾರಿ ಬಿಡಿ. ಹೊರಡುವ ಮೊದಲು ಯಾವುದಾದರೂ ಖಾಲಿ ಜಾಗದಲ್ಲಿ ಐವತ್ತು ಮೀಟರ್ ಹಿಂದಕ್ಕೆ ನೇರವಾಗಿ ಓಡಿಸಿ ಅಭ್ಯಾಸ ಮಾಡಿ. ಮಲ್‌ನಲ್ಲಿ ಬೆವರಿಳಿಸುವುದು ಇದೊಂದೇ ಕೆಲಸ.

ಹಿಂದೆ ಗಾಡಿ ಬಂದು ಅಂಟಿಕೊಂಡರೆ ಮುಂದಿನ ಜಾಗದಲ್ಲಿ ಎಡಕ್ಕೆ ಸರಿದು ಬಿಟ್ಟುಬಿಡಿ. ಅವರು ಶಾಲೆಗೋ ಹಡಗಿಗೋ ಆಸ್ಪತ್ರೆಗೋ ಹೊರಟ ಊರವರು, ನೀವು ಹದ್ದು ನೋಡಲು ಬಂದವರು. ಹದ್ದು ಕಂಡಿತೆಂದು ಈ ಜಾಗದಲ್ಲಿ ಗಾಡಿ ನಿಲ್ಲಿಸಿ ಇಳಿಯುವುದು ಸ್ಥಳೀಯರಿಗೆ ಅತಿ ಸಿಟ್ಟು ತರಿಸುವ ಕೆಲಸ. ರಸ್ತೆಯಂಚಿನ ಹುಲ್ಲಿಗೆ ಇಳಿಸುವುದೂ ಬೇಡ. ಮೇಲೆ ಗಟ್ಟಿ ಕಂಡರೂ ಕೆಳಗೆ ನೀರು ಕುಡಿದ ಪೀಟ್, ಅಂದರೆ ಕೊಳೆತ ಗಿಡಗಳಿಂದಾದ ಮೆತ್ತನೆಯ ಮಣ್ಣು, ಚಕ್ರ ಹೂತರೆ ಟ್ರ್ಯಾಕ್ಟರ್ ಬರಬೇಕು. ಕಾನೂನಿನ ಮಿತಿ ಗಂಟೆಗೆ 60 ಮೈಲಿ ಎಂದಿದ್ದರೂ ಇಲ್ಲಿ 30 ದಾಟುವುದೇ ಹೆಚ್ಚು. ತಿರುವಿನಾಚೆ ಕುರಿ ಮಲಗಿರುತ್ತದೆ. ದಾರಿ ಬಿಟ್ಟವರಿಗೆ ಕೈ ಎತ್ತಿ ವಂದಿಸುವುದು ರೂಢಿ.

ಪೆಟ್ರೋಲ್ ಸಿಗುವುದು ಕ್ರೇಗ್‌ನ್ಯೂರ್, ಸಾಲೆನ್, ಟೋಬರ್‌ಮೋರಿಗಳಲ್ಲಿ. ಟ್ಯಾಂಕ್ ಅರ್ಧವಾದಾಗಲೇ ತುಂಬಿಸಿ. ನೈಋತ್ಯದ ಕಡೆ ಹೊರಡುವ ದಿನವಂತೂ ಪೂರ್ತಿ ಇರಲಿ. ಕುಡಿದು ಓಡಿಸುವ ಮಿತಿ ಸ್ಕಾಟ್ಲೆಂಡಿನಲ್ಲಿ ಇಂಗ್ಲೆಂಡಿಗಿಂತ ಬಿಗಿ: 100 ಮಿಲಿಲೀಟರ್ ರಕ್ತಕ್ಕೆ 50 ಮಿಲಿಗ್ರಾಂ. ಟೋಬರ್‌ಮೋರಿಯ ವಿಸ್ಕಿ ಭಟ್ಟಿಗೆ ಹೋದರೆ ಚಾಲಕನ ಪಾಲನ್ನು ಚಿಕ್ಕ ಸೀಸೆಯಲ್ಲಿ ಮನೆಗೆ ಕೊಡುತ್ತೀರಾ ಎಂದು ಕೇಳಿ.

ಅಡುಗೆಮನೆಯ ಲೆಕ್ಕ

ದೊಡ್ಡ ಅಂಗಡಿ ಎಂದರೆ ಟೋಬರ್‌ಮೋರಿಯ ಕೋಆಪ್. ಕ್ರೇಗ್‌ನ್ಯೂರ್, ಸಾಲೆನ್, ಬನೆಸನ್‌ಗಳಲ್ಲಿ ಚಿಕ್ಕ ದಿನಸಿ ಅಂಗಡಿಗಳು. ಹಾಲು, ಬ್ರೆಡ್, ಮೊಟ್ಟೆ, ಆಲೂಗಡ್ಡೆ, ಈರುಳ್ಳಿ ಸಿಗುತ್ತವೆ. ತೊಗರಿಬೇಳೆ, ಸೋನಾ ಮಸೂರಿ, ಸಾಸಿವೆ, ಹುಣಸೆಹಣ್ಣು ಇವನ್ನು ಗ್ಲಾಸ್ಗೋದ ಪೊಲಾಕ್‌ಶೀಲ್ಡ್ಸ್ ಬಡಾವಣೆಯ ಏಷ್ಯನ್ ಅಂಗಡಿಗಳಲ್ಲೇ ತೆಗೆದುಕೊಳ್ಳಿ. ಊರಿನಿಂದ ಹೊತ್ತು ತರುವವರಿಗೆ ಒಂದು ಮಾತು: ಭಾರತದಿಂದ ಹಾಲಿನ ಪದಾರ್ಥ, ಮಾಂಸ ತರುವಂತಿಲ್ಲ. ತುಪ್ಪವೂ ಅದರಲ್ಲಿ ಬಂತು. ಹಸಿ ಕರಿಬೇವೂ ಬೇಡ. ಸಾರಿನ ಪುಡಿ, ಚಟ್ನಿಪುಡಿ, ಒಣ ಅವಲಕ್ಕಿಗೆ ತೊಂದರೆಯಿಲ್ಲ.

ನಾಲ್ವರ ಕುಟುಂಬ ದಿನಕ್ಕೆ ಒಂದು ಹೊತ್ತು ಅನ್ನ ಮಾಡಿಕೊಂಡರೆ ವಾರಕ್ಕೆ ಎರಡೂವರೆ ಕಿಲೋ ಅಕ್ಕಿ, ಮುಕ್ಕಾಲು ಕಿಲೋ ಬೇಳೆ ಧಾರಾಳ. ಮಧ್ಯಾಹ್ನದ ಬುತ್ತಿ ಕಟ್ಟಿಕೊಳ್ಳಲೇಬೇಕು. ಪಶ್ಚಿಮ ದಂಡೆಯಲ್ಲಿ ಹೋದಲ್ಲೆಲ್ಲ ಹೋಟೆಲ್ ಇರುವುದಿಲ್ಲ. ಚಿತ್ರಾನ್ನ, ಚಪಾತಿ ಸುರುಳಿ ಗಾಳಿಗೆ ಕೂತು ತಿನ್ನಲು ಅನುಕೂಲ. ಒಂದು ಥರ್ಮಾಸ್ ಕಾಫಿ ಇದ್ದರೆ ರಾಜೋಪಚಾರ.

ಒಲೆ ಹೆಚ್ಚಾಗಿ ವಿದ್ಯುತ್ತಿನದು, ಇಂಡಕ್ಷನ್ ಆದರೆ ಅಲ್ಯೂಮಿನಿಯಂ ಕುಕ್ಕರ್ ಕೆಲಸ ಮಾಡದು. ಸ್ಕಾಟ್ಲೆಂಡಿನ ಮನೆಗಳಲ್ಲಿ 2022ರಿಂದ ಹೊಗೆ, ಶಾಖದ ಅಲಾರಂಗಳನ್ನು ಒಂದಕ್ಕೊಂದು ಜೋಡಿಸಿರಬೇಕು. ಒಂದು ಕೂಗಿದರೆ ಮನೆಯೆಲ್ಲ ಕೂಗುತ್ತದೆ. ಒಗ್ಗರಣೆಗೆ ಮೊದಲು ಫ್ಯಾನ್ ಹಾಕಿ, ಕಿಟಕಿ ತೆರೆದು, ನಡುಮನೆಯ ಬಾಗಿಲು ಮುಚ್ಚಿ. ಮೆಣಸಿನಕಾಯಿಯನ್ನು ಎಣ್ಣೆ ಹೊಗೆಯಾಡುವ ಮೊದಲೇ ಹಾಕಿ. ತೊರೆಯ ನೀರಿನ ಮನೆಯಾದರೆ ನೀರು ಚಹಾ ಬಣ್ಣಕ್ಕಿರಬಹುದು, ಅದು ಪೀಟ್‌ನ ಬಣ್ಣ. ಕುದಿಸಿ ಕುಡಿಯಿರಿ ಎಂದು ಫಲಕ ಇದ್ದರೆ ಪಾಲಿಸಿ. ಮಲಗುಂಡಿಗೆ ಹೋಗುವ ಪೈಪಾದ್ದರಿಂದ ಉಳಿದ ಎಣ್ಣೆಯನ್ನು ಸಿಂಕಿಗೆ ಸುರಿಯಬೇಡಿ.

ಸಸ್ಯಾಹಾರಿಗಳು ಹೋಟೆಲ್‌ಗಳಲ್ಲಿ ಸೂಪು ಯಾವ ಸಾರದ್ದು ಎಂದು ಕೇಳಿ. ಮಲ್‌ನ ಚೀಸ್ ಹೆಸರುವಾಸಿ, ಆದರೆ ಹಾಲು ಹೆಪ್ಪುಗಟ್ಟಿಸಲು ಹಾಕುವ ರೆನೆಟ್ ಪ್ರಾಣಿಜನ್ಯವೇ ಎಂದು ಕೇಳಿಕೊಂಡೇ ಕೊಳ್ಳಿ.

ಏಳು ದಿನ

ಸಾಲೆನ್‌ನಲ್ಲಿ ತಂಗುವವರ ಲೆಕ್ಕದಲ್ಲಿ ಹೇಳುವುದಾದರೆ, ಸೂತ್ರ ಒಂದೇ: ಸಮುದ್ರದ ದಿನವನ್ನು ವಾರದ ಮೊದಲಿಗೆ ಇಡಿ. ಅಲೆ ಎದ್ದು ದೋಣಿ ರದ್ದಾದರೆ ಇನ್ನೊಂದು ದಿನಕ್ಕೆ ಸರಿಸಲು ಅವಕಾಶ ಉಳಿದಿರುತ್ತದೆ. ಶುಕ್ರವಾರಕ್ಕೆ ಇಟ್ಟುಕೊಂಡವರಿಗೆ ಆ ಅವಕಾಶ ಇರುವುದಿಲ್ಲ.

ಶನಿವಾರ ಬಂದಿಳಿಯುವುದು, ಸಾಮಾನು ಇಳಿಸುವುದು, ಅಷ್ಟೆ. ಭಾನುವಾರ ಟೋಬರ್‌ಮೋರಿ. 1788ರಲ್ಲಿ ಮೀನುಗಾರಿಕೆಗಾಗಿ ಕಟ್ಟಿದ ಊರು. ಬಂದರಿನ ಮುಂದೆ ಕೆಂಪು, ಹಳದಿ, ನೀಲಿ ಮನೆಗಳ ಸಾಲು. ಸಮುದ್ರದಂಚಿನ ಕಾಲುದಾರಿಯಲ್ಲಿ ಲೈಟ್‌ಹೌಸ್‌ವರೆಗೆ ನಡೆದು ಬಂದು, ವಾರದ ದಿನಸಿ ಕೊಂಡರೆ ದಿನ ಮುಗಿಯಿತು.

ಸೋಮವಾರ ಸ್ಟ್ಯಾಫಾ ಮತ್ತು ಲಂಗಾ ದ್ವೀಪಗಳು. ಫಿನಫರ್ಟ್, ಪಶ್ಚಿಮ ದಂಡೆಯ ಉಲ್ವಾ ಫೆರಿ ಎಂಬ ದೋಣಿಕಟ್ಟೆ, ಟೋಬರ್‌ಮೋರಿ ಮೂರು ಕಡೆಯಿಂದಲೂ ದೋಣಿಗಳು ಹೊರಡುತ್ತವೆ. ಸಾಲೆನ್‌ನವರಿಗೆ ಉಲ್ವಾ ಫೆರಿ ಅರ್ಧ ಗಂಟೆಯ ದಾರಿ, ಅದೇ ಅನುಕೂಲ. ಸ್ಟ್ಯಾಫಾ ಒಂದೇ ಆದರೆ ಫಿನಫರ್ಟ್‌ನಿಂದ ಸುಮಾರು ಮೂರು ಗಂಟೆ, ಅದರಲ್ಲಿ ನೆಲದ ಮೇಲೆ ಒಂದು ಗಂಟೆ. ಎರಡೂ ಸೇರಿದರೆ ಹೆಚ್ಚುಕಡಿಮೆ ಇಡೀ ದಿನ. ಏಪ್ರಿಲ್ ಕೊನೆಯಿಂದ ಜುಲೈವರೆಗೆ ಬಂದವರು ಎರಡೂ ಸೇರಿದ್ದನ್ನೇ ತೆಗೆದುಕೊಳ್ಳಬೇಕು. ಲಂಗಾದ ಪಫಿನ್‌ಗಳು ಮನುಷ್ಯರಿಗೆ ಹೆದರುವುದಿಲ್ಲ. ಜನ ಹತ್ತಿರ ಇದ್ದರೆ ಬೇಟೆಹಕ್ಕಿಗಳು ದೂರ ಇರುತ್ತವೆಂದು ಕೆಲವು ಹೆಜ್ಜೆಯ ಅಂತರಕ್ಕೇ ಬಂದು ಕೂರುತ್ತವೆ. ಬಿಲಗಳ ಮೇಲೆ ಮಾತ್ರ ಕಾಲಿಡಬೇಡಿ, ಮಣ್ಣು ಕುಸಿಯುತ್ತದೆ. ಸ್ಟ್ಯಾಫಾದಲ್ಲಿ ಫಿಂಗಲ್ ಗುಹೆ: ಲಾವಾ ನಿಧಾನವಾಗಿ ತಣ್ಣಗಾಗುತ್ತಾ ಕುಗ್ಗಿ, ಆರು ಮೂಲೆಯ ಕಂಬಗಳಾಗಿ ಬಿರಿದದ್ದು. ಮಲ್ಪೆ ಎದುರಿನ ಸೇಂಟ್ ಮೇರೀಸ್ ದ್ವೀಪದ ಕಂಬಗಳನ್ನು ನೋಡಿದವರಿಗೆ ಈ ಆಕಾರ ಹೊಸದಲ್ಲ. ಇಲ್ಲಿ ಅದರೊಳಕ್ಕೆ ಸಮುದ್ರ ಸುಮಾರು 70 ಮೀಟರ್ ಕೊರೆದುಕೊಂಡು ಹೋಗಿದೆ, ಅಲೆಯ ಸದ್ದು ಒಳಗೆ ಮೊಳಗುತ್ತದೆ. ಸಂಗೀತಗಾರ ಮೆಂಡೆಲ್‌ಸನ್ 1829ರಲ್ಲಿ ಇಲ್ಲಿಗೆ ಬಂದಿದ್ದ. ದ್ವೀಪದಲ್ಲಿ ಶೌಚಾಲಯವಿಲ್ಲ, ನೆರಳಿಲ್ಲ, ಅಂಗಡಿಯಿಲ್ಲ. ಗುಹೆಯ ದಾರಿ ಒದ್ದೆ ಕಂಬಗಳ ತಲೆಯ ಮೇಲಿನದು, ಅಲೆಯ ಹೊಡೆತದಿಂದ ಹಾಳಾದಾಗ ಮುಚ್ಚುವುದೂ ಉಂಟು. ಮುಂಚೆಯೇ ವಿಚಾರಿಸಿ. ಚಪ್ಪಲಿ ಬೇಡ. ವಾಂತಿಯ ಅಂಜಿಕೆ ಇದ್ದವರು ಮಾತ್ರೆಯನ್ನು ದೋಣಿ ಹತ್ತುವ ಮೊದಲೇ ನುಂಗಬೇಕು. ಅಲೆ ಶುರುವಾದ ಮೇಲೆ ನುಂಗಿ ಫಲವಿಲ್ಲ.

ಮಂಗಳವಾರ ಐಯೋನಾ. ಬೆಳಿಗ್ಗೆ ಎಂಟಕ್ಕೆ ಹೊರಡಿ. ಕಾರನ್ನು ಫಿನಫರ್ಟ್‌ನಲ್ಲಿ ಬಿಡಬೇಕು, ಐಯೋನಾಕ್ಕೆ ಪ್ರವಾಸಿಗರ ಗಾಡಿ ಬಿಡುವುದಿಲ್ಲ. ದೋಣಿ ಹತ್ತು ನಿಮಿಷ. ಕ್ರಿ.ಶ. 563ರಲ್ಲಿ ಐರ್ಲೆಂಡಿನಿಂದ ಬಂದ ಸಂತ ಕೊಲಂಬಾ ಇಲ್ಲಿ ಮಠ ಕಟ್ಟಿದ. ಈಗ ಕಾಣುವ ಅಬಿ (ಮಠದ ಚರ್ಚು) ಆಮೇಲಿನದು. ಅದರ ಮುಂದಿನ ಸೇಂಟ್ ಮಾರ್ಟಿನ್ ಶಿಲುಬೆ ಸಾವಿರ ವರ್ಷಕ್ಕೂ ಹಳೆಯದು, ಮಳೆ ಗಾಳಿಗೆ ಒಡ್ಡಿಕೊಂಡು ನಿಂತಲ್ಲೇ ನಿಂತಿದೆ. ಹೆಚ್ಚಿನವರು ಅಬಿ ನೋಡಿ ಹಿಂದಿರುಗುತ್ತಾರೆ. ನೀವು ಅಲ್ಲಿಂದ ಉತ್ತರಕ್ಕೆ ಇಪ್ಪತ್ತು ನಿಮಿಷ ನಡೆಯಿರಿ. ಬಿಳಿ ಮರಳು, ಹಸಿರು ನೀರು, ಎದುರಿಗೆ ಮಲ್‌ನ ಬೆಟ್ಟಗಳು. 101 ಮೀಟರಿನ ಡುನ್ ಈ ಗುಡ್ಡ ಹತ್ತಿದರೆ ದ್ವೀಪವೆಲ್ಲ ಕಣ್ಣಳತೆಗೆ ಸಿಗುತ್ತದೆ. ಕೊನೆಯ ದೋಣಿ ಎಷ್ಟಕ್ಕೆ ಎಂದು ಇಳಿಯುವಾಗಲೇ ಫಲಕದ ಫೋಟೋ ತೆಗೆದುಕೊಳ್ಳಿ.

ಬುಧವಾರ ಖಾಲಿ ಇರಲಿ. ಸೋಮವಾರದ ದೋಣಿ ರದ್ದಾಗಿದ್ದರೆ ಇಂದು ಹೋಗಬಹುದು. ಆಗಿರದಿದ್ದರೆ ಡರ್ವೇಗ್ ದಾರಿಯಾಗಿ ಕ್ಯಾಲ್ಗರಿ ಕೊಲ್ಲಿಗೆ ಹೋಗಿ ಮರಳಿನಲ್ಲಿ ಕೂರಿ. ಕೆನಡಾದ ದೊಡ್ಡ ನಗರಕ್ಕೆ ಹೆಸರು ಹೋದದ್ದು ಈ ಪುಟ್ಟ ಜಾಗದಿಂದ.

ಗುರುವಾರ ಲಾಖ್ ನ ಕೀಲ್ ದಂಡೆ. ಕಡಲು ಒಳಹೊಕ್ಕ ಈ ಉದ್ದನೆಯ ಕೊಲ್ಲಿ ಬಿಳಿಬಾಲದ ಕಡಲ ಹದ್ದು, ನೀರುನಾಯಿಗಳ ತಾಣ. ಬ್ರಿಟನ್ನಿನಿಂದ ಅಳಿದುಹೋಗಿದ್ದ ಈ ಹದ್ದುಗಳನ್ನು 1975ರಲ್ಲಿ ರಮ್ ದ್ವೀಪಕ್ಕೆ ತಂದು ಬಿಡತೊಡಗಿದರು. ಮೊದಲ ಮರಿ ಹಾರಿದ್ದು 1985ರಲ್ಲಿ, ಮಲ್‌ನಲ್ಲಿ. ಗೂಡಿಗೆ ತೊಂದರೆ ಕೊಡುವುದು ಅಪರಾಧ, ಡ್ರೋನ್ ಹಾರಿಸಬೇಡಿ. ನೀರುನಾಯಿಗೆ ಉಬ್ಬರ ಏರುವ ಹೊತ್ತು ನೋಡಿ, ಕಾರಿನೊಳಗೇ ಸುಮ್ಮನೆ ಕಾಯಿರಿ.

ಕೊಲ್ಲಿಯ ತಲೆಯ ಹತ್ತಿರ ಗ್ರೂಲಿನ್‌ನಲ್ಲಿ ಮರಗಳ ನಡುವೆ ಒಂದು ಸಮಾಧಿ ಮಂಟಪವಿದೆ. 1810ರಿಂದ 1821ರವರೆಗೆ ನ್ಯೂ ಸೌತ್ ವೇಲ್ಸ್‌ನ ಗವರ್ನರ್ ಆಗಿದ್ದ ಲಾಖ್ಲನ್ ಮಕ್ವಾರಿಯದು. ಎದುರಿನ ಉಲ್ವಾ ದ್ವೀಪದವನಾದ ಈತ ಕಂಪನಿ ಯುದ್ಧಗಳ ಕಾಲದಲ್ಲಿ ಬಾಂಬೆ ಸೈನ್ಯದೊಂದಿಗೆ ಬಂದು 1792ರಲ್ಲೂ 1799ರಲ್ಲೂ ಟಿಪ್ಪುವಿನ ಶ್ರೀರಂಗಪಟ್ಟಣದ ಮುತ್ತಿಗೆಯಲ್ಲಿದ್ದ. ಪ್ರವಾಸಿ ಕೈಪಿಡಿಗಳು ಆಸ್ಟ್ರೇಲಿಯಾವನ್ನಷ್ಟೇ ನೆನೆಯುತ್ತವೆ. ಕಾವೇರಿ ತೀರದವರಿಗೆ ಇಲ್ಲಿ ನಿಂತು ಯೋಚಿಸಲು ಬೇರೆ ವಿಷಯವಿದೆ.

ಆಕಾಶ ತಿಳಿಯಾಗಿದ್ದರೆ, ಕಾಲಿಗೆ ಬಲವಿದ್ದರೆ, ಇದೇ ದಂಡೆಯಿಂದ ಬೆನ್ ಮೋರ್ ಬೆಟ್ಟ ಹತ್ತಬಹುದು. ಎತ್ತರ 966 ಮೀಟರ್, ಶುರುವಾಗುವುದು ಸಮುದ್ರ ಮಟ್ಟದಿಂದಲೇ. ಐದಾರು ಗಂಟೆ. ತುದಿಯ ಬಂಡೆಗಳಲ್ಲಿ ಕಬ್ಬಿಣದ ಅಂಶವಿದ್ದು ದಿಕ್ಸೂಚಿಯ ಮುಳ್ಳು ತಪ್ಪು ತೋರಿಸುತ್ತದೆ. ಮೋಡ ಕವಿದ ದಿನ ಹೋಗಬಾರದು ಎನ್ನುವುದು ಅದಕ್ಕೇ. ಬ್ರಿಟನ್ನಿನ ನಕ್ಷೆ ಸಂಸ್ಥೆ ಆರ್ಡ್ನೆನ್ಸ್ ಸರ್ವೆಯ ಲ್ಯಾಂಡ್‌ರೇಂಜರ್ ನಕ್ಷೆಗಳಲ್ಲಿ 47, 48, 49 ಹಾಳೆಗಳು ದ್ವೀಪವನ್ನು ಪೂರ್ತಿ ಒಳಗೊಳ್ಳುತ್ತವೆ. ಕಣಿವೆಗಳಲ್ಲಿ ಮೊಬೈಲ್ ಸಿಗ್ನಲ್ ಇರುವುದಿಲ್ಲ, ಫೋನಿನ ನಕ್ಷೆಯನ್ನು ಮನೆಯಲ್ಲೇ ಇಳಿಸಿಕೊಳ್ಳಿ.

ಶುಕ್ರವಾರ ಉಲ್ವಾ. ದೋಣಿಕಟ್ಟೆಯ ಫಲಕದ ಹಲಗೆ ಸರಿಸಿದರೆ ಕೆಂಪು ಬಣ್ಣ ಕಾಣುತ್ತದೆ, ಅದನ್ನು ನೋಡಿ ಆಚೆ ದಡದಿಂದ ದೋಣಿ ಬರುತ್ತದೆ. ಶನಿವಾರ ಬರುವುದಿಲ್ಲ. 2018ರಿಂದ ಈ ದ್ವೀಪ ಊರವರ ಒಡೆತನದಲ್ಲಿದೆ. ವಾಹನಗಳ ಸದ್ದಿಲ್ಲದ ದಾರಿಗಳು, ಅರ್ಧ ದಿನಕ್ಕೆ ಸರಿ.

ನುಸಿ, ಉಣುಗು, ಮಳೆ

ಮಿಜ್ ಎಂಬುದು ನಮ್ಮ ನುಸಿಯಂಥ ಹುಳ. ಬೆಳಗು, ಸಂಜೆ, ಗಾಳಿ ನಿಂತ ಮೋಡದ ಹೊತ್ತಿನಲ್ಲಿ ಸಾವಿರಗಟ್ಟಲೆ ಮುತ್ತುತ್ತದೆ. ಗಾಳಿ ಗಂಟೆಗೆ ಏಳೆಂಟು ಮೈಲಿ ದಾಟಿದರೆ ಹಾರಲಾರದು. ಹಾಗಾಗಿ ಬುತ್ತಿ ಬಿಚ್ಚುವ ಜಾಗವನ್ನು ನೆರಳು ನೋಡಿ ಅಲ್ಲ, ಗಾಳಿ ನೋಡಿ ಆರಿಸಿ. ನುಸಿ ಓಡಿಸುವ ಸ್ಮಿಜ್‌ನಂಥ ಲೇಪನ, ಹತ್ತು ಪೌಂಡಿನೊಳಗೆ ಬರುವ ತಲೆಗೆ ಹಾಕುವ ಬಲೆ ಎರಡೂ ಓಬನ್‌ನಲ್ಲಿ ಸಿಗುತ್ತವೆ.

ಉಣುಗು ಮಲೆನಾಡಿನವರಿಗೆ ಗೊತ್ತು. ಇಲ್ಲಿಯದು ತರುವ ಕಾಯಿಲೆ ಮಾತ್ರ ಬೇರೆ, ಲೈಮ್. ಜರಿಗಿಡಗಳಲ್ಲಿ ನಡೆದು ಬಂದ ಸಂಜೆ ಮೊಣಕಾಲ ಸಂದು, ತೊಡೆಸಂದು, ಕಂಕುಳು, ಮಕ್ಕಳ ಕಿವಿಯ ಹಿಂದೆ ನೋಡಿ. ಚಿಮುಟದಿಂದ ಚರ್ಮಕ್ಕೆ ತೀರ ಹತ್ತಿರ ಹಿಡಿದು ನೇರ ಎಳೆಯಿರಿ. ಸುಡುವುದು, ಎಣ್ಣೆ ಹಚ್ಚುವುದು ಬೇಡ. ಮುಂದಿನ ವಾರಗಳಲ್ಲಿ ಅಲ್ಲಿ ಕೆಂಪು ವೃತ್ತ ಹರಡಿದರೆ ವೈದ್ಯರಿಗೆ ತೋರಿಸಿ, ಊರಿಗೆ ಮರಳಿದ್ದರೂ ಸ್ಕಾಟ್ಲೆಂಡಿಗೆ ಹೋಗಿದ್ದೆನೆಂದು ಹೇಳಿ. ದ್ವೀಪದ ಆಸ್ಪತ್ರೆ ಕ್ರೇಗ್‌ನ್ಯೂರ್‌ನಲ್ಲಿದೆ. ತುರ್ತಿಗೆ 999. ಬೆಟ್ಟದಲ್ಲಾದರೆ ಅದೇ ಸಂಖ್ಯೆಗೆ ಕರೆ ಮಾಡಿ ಪೊಲೀಸರನ್ನು ಕೇಳಿ, ಆಮೇಲೆ ಮೌಂಟನ್ ರೆಸ್ಕ್ಯೂ ಬೇಕೆಂದು ಹೇಳಬೇಕು.

ಕೊಡೆ ತರಬೇಡಿ, ಮೊದಲ ಗಾಳಿಗೇ ಮಗುಚುತ್ತದೆ. ನೀರು ಒಳಬಿಡದ ಜಾಕೆಟ್, ಪ್ಯಾಂಟ್, ಉಣ್ಣೆಯ ಎರಡು ಪದರ, ಕಾಲಿನ ಗಿಣ್ಣಿನ ಮೇಲಕ್ಕೆ ಬರುವ ಬೂಟು. ಜೀನ್ಸ್ ನೆನೆದರೆ ಭಾರ, ಮರುದಿನಕ್ಕೂ ಒಣಗದು.

ಹೊರಡುವ ದಿನ

ಮನೆಯನ್ನು ಬೆಳಿಗ್ಗೆ ಹತ್ತಕ್ಕೆ ಬಿಡಬೇಕಾಗುತ್ತದೆ. ಹಡಗು ಮಧ್ಯಾಹ್ನವಾದರೆ ನಡುವಿನ ಹೊತ್ತಿಗೆ ಕ್ರೇಗ್‌ನ್ಯೂರ್‌ನಿಂದ ಮೂರು ಮೈಲಿಯ ಡ್ಯೂಅರ್ಟ್ ಕೋಟೆ ಇದೆ. ಮಕ್ಲೀನ್ ಕುಲದವರದ್ದು, ಪಾಳುಬಿದ್ದದ್ದನ್ನು 1911ರಲ್ಲಿ ಮತ್ತೆ ಎತ್ತಿ ಕಟ್ಟಿದರು. ಬರುವಾಗ ಹಡಗಿನಿಂದ ಕಂಡದ್ದು ಇದೇ.

ಬೆಂಗಳೂರಿನ ವಿಮಾನವನ್ನು ಅದೇ ಶನಿವಾರಕ್ಕೆ ಇಡಬೇಡಿ, ಭಾನುವಾರಕ್ಕೆ ಇಡಿ. ಗಾಳಿಗೆ ಹಡಗು ನಿಂತರೆ ಕ್ಯಾಲ್‌ಮ್ಯಾಕ್ ಮುಂದಿನ ಹಡಗಿಗೆ ಸೇರಿಸುತ್ತದೆ, ವಿಮಾನದವರು ಕಾಯುವುದಿಲ್ಲ. ಕೈಯಲ್ಲಿ ಉಳಿದ ಸ್ಕಾಟಿಷ್ ಬ್ಯಾಂಕಿನ ನೋಟುಗಳನ್ನು ಗ್ಲಾಸ್ಗೋದಲ್ಲೇ ಖರ್ಚು ಮಾಡಿ. ಲಂಡನ್ನಿನ ಅಂಗಡಿಯವರೇ ಅದನ್ನು ತಿರುಗಿಸಿ ಮುರುಗಿಸಿ ನೋಡುತ್ತಾರೆ, ನಮ್ಮೂರಿನ ವಿನಿಮಯ ಅಂಗಡಿಯಲ್ಲಿ ಅದಕ್ಕೆ ಕಷ್ಟವಾದೀತು.